ಪೆನ್ನು ಕೆಟ್ಟಿತು, ಎಲ್ಲವೂ ಕೆಡಲಿಲ್ಲ

"ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು" ಎಂಬ ಗಾದೆಯನ್ನು ನಾವೆಲ್ಲರೂ ಚಿಕ್ಕಂದಿನಿಂದ ಕೇಳಿ ಬೆಳೆದಿದ್ದೇವೆ. ಮಾತಿನ ಮಟ್ಟಿಗೆ ಇದು ನಿಜ, ಮುತ್ತಿನ ಮಟ್ಟಿಗೂ ನಿಜ. ಆದರೆ ಮರದ ಕೆಲಸ ಮಾಡುವವರು ಈ ಗಾದೆಯನ್ನು ಪೂರ್ತಿಯಾಗಿ ಒಪ್ಪುವುದಿಲ್ಲ. ಒಡೆದ ಮರದಲ್ಲಿ ಒಡೆದದ್ದೆಷ್ಟು, ಉಳಿದದ್ದೆಷ್ಟು ಎಂದು ಅವರು ಮೊದಲು ನೋಡುತ್ತಾರೆ. ಹಾಗೆ ನೋಡುವುದನ್ನು ಕಲಿಸುವ ಕಸುಬುಗಳಲ್ಲಿ ಒಂದು, ಲೇತ್ ಯಂತ್ರದಲ್ಲಿ ಮರದ ಪೆನ್ನು ಕಡೆಯುವ ಕೆಲಸ.

ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾಗಳಲ್ಲಿ ಸಾವಿರಾರು ಜನ ಇದನ್ನು ಮನೆಯ ಮೂಲೆಯಲ್ಲಿ, ಬಿಡುವಿನ ವೇಳೆಯಲ್ಲಿ ಮಾಡುತ್ತಾರೆ. ನಮ್ಮ ದೇಶದಲ್ಲೂ ಈಗ ಕೆಲವರು ಕೈಹಾಕಿದ್ದಾರೆ. ಚಿಕ್ಕ ಲೇತ್ ಒಂದಿದ್ದರೆ ಸಾಕು, ಜಾಗ ಹೆಚ್ಚು ಬೇಡ. ಬಡಗಿಯ ಅಂಗಡಿಯಲ್ಲಿ ಒಲೆಗೆ ಹೋಗುವ ತುಂಡು ಮರವೇ ಇದಕ್ಕೆ ಬಂಗಾರ. ಕಾಸರಗೋಡಿನವರಿಗೆ ಹಲಸು, ವಯನಾಡಿನವರಿಗೆ ಕಿತ್ತುಹಾಕಿದ ಹಳೆಯ ಕಾಫಿ ಗಿಡದ ಬೊಡ್ಡೆ, ನೀಲಗಿರಿಯವರಿಗೆ ಸಿಲ್ವರ್ ಓಕ್, ಸೊಲ್ಲಾಪುರ, ಆದವಾನಿ, ರಾಯದುರ್ಗದ ಕಡೆಯವರಿಗೆ ಬೇವು, ಹುಣಸೆ, ಯಾರೂ ಲೆಕ್ಕಕ್ಕೆ ಇಡದ ಬಳ್ಳಾರಿ ಜಾಲಿ. ಹೀಗೆ ಮರ ಬಿಟ್ಟಿಯಾಗಿ ಸಿಗುತ್ತದೆ. ದುಡ್ಡು ಕೊಟ್ಟು ತರಬೇಕಾದದ್ದು ಪೆನ್ನಿನ ಲೋಹದ ಭಾಗಗಳ ಪೊಟ್ಟಣ. ಅದಕ್ಕೆ ಕಿಟ್ ಎನ್ನುತ್ತಾರೆ. ಪೆನ್ನು ಕೆಟ್ಟಾಗ ಈ ಕಿಟ್ ಸಹಿತ ಎಲ್ಲವನ್ನೂ ಬುಟ್ಟಿಗೆ ಎಸೆದರೆ ಮನೆಗೆಲಸದ ಪುಟ್ಟ ಗಳಿಕೆ ಅಲ್ಲಿಗೇ ಮುಗಿಯುತ್ತದೆ. ಹೊಸದಾಗಿ ಕಲಿಯುವ ಹುಡುಗ ಹುಡುಗಿಯರು ಬಹುಮಟ್ಟಿಗೆ ಕೈಬಿಡುವುದೂ ಇಲ್ಲಿಯೇ. ಆದ್ದರಿಂದ ಕೆಟ್ಟ ಪೆನ್ನಿನಿಂದ ಏನನ್ನು ಉಳಿಸಿಕೊಳ್ಳಬಹುದು, ಹೇಗೆ ಉಳಿಸಿಕೊಳ್ಳಬಹುದು, ಯಾವುದನ್ನು ಉಳಿಸಲೇಬಾರದು ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ಪೆನ್ನಿನ ಒಳಗೆ ಏನಿದೆ?

ಕಲಿಯುವವರು ಸಾಮಾನ್ಯವಾಗಿ ಆರಂಭಿಸುವುದು 'ಸ್ಲಿಮ್‌ಲೈನ್' ಎಂಬ ತೆಳು ಬಾಲ್‌ಪೆನ್ನಿನಿಂದ. ಅದರ ಕಿಟ್‌ನಲ್ಲಿ 7 ಮಿಲಿಮೀಟರ್ ದಪ್ಪದ ಎರಡು ಹಿತ್ತಾಳೆ ಕೊಳವೆಗಳಿರುತ್ತವೆ. ಜೊತೆಗೆ ಮೂತಿ, ತಿರುಗಿಸಿದರೆ ರೀಫಿಲ್ಲನ್ನು ಹೊರಗೆ ಒಳಗೆ ಮಾಡುವ ತಿರುಪು, ನಡುವಿನ ಉಂಗುರ, ಕ್ಲಿಪ್, ತಲೆಯ ಗುಬುಟು, ರೀಫಿಲ್ ಇರುತ್ತವೆ. ಮರದ ತುಂಡನ್ನು ಎರಡಾಗಿ ಕುಯ್ದು, ಪ್ರತಿಯೊಂದರ ನಡುವೆ 7 ಮಿ.ಮೀ. ತೂತು ಕೊರೆದು, ಹಿತ್ತಾಳೆ ಕೊಳವೆಯನ್ನು ಅಂಟು ಹಚ್ಚಿ ಕೂರಿಸುತ್ತೇವೆ. ಎರಡೂ ಕೊನೆಗಳನ್ನು ನೇರ ಮಾಡಿ, ಉಕ್ಕಿನ ಸಲಾಕೆಗೆ ಪೋಣಿಸಿ ಲೇತಿಗೆ ಏರಿಸುತ್ತೇವೆ. ಸಲಾಕೆಯ ಮೇಲೆ ಮರದ ತುಂಡುಗಳ ಎರಡೂ ಬದಿಗೆ ಅಳತೆಯ ಉಕ್ಕಿನ ಬಳೆಗಳಿರುತ್ತವೆ. ಮರ ಆ ಬಳೆಗಳ ದಪ್ಪಕ್ಕೆ ಇಳಿಯುವವರೆಗೆ ಉಳಿಯಿಂದ ಕಡೆದು, ಉಜ್ಜಿ, ಹೊಳಪು ಕೊಟ್ಟು, ಕೊನೆಗೆ ಲೋಹದ ಭಾಗಗಳನ್ನು ಒತ್ತಿ ಸೇರಿಸುತ್ತೇವೆ.

ಈ ಪೆನ್ನಿನ ಕೊನೆಗಳಲ್ಲಿ ಹಿತ್ತಾಳೆಯ ಮೇಲೆ ಉಳಿಯುವ ಮರದ ದಪ್ಪ ಅರ್ಧದಿಂದ ಮುಕ್ಕಾಲು ಮಿಲಿಮೀಟರ್ ಮಾತ್ರ. ಅದು ನಿಮಿಷಕ್ಕೆ 2000ದಿಂದ 3000 ಸುತ್ತು ತಿರುಗುತ್ತಿರುವಾಗ ಉಳಿ ಒಂದಿಷ್ಟು ಸಿಕ್ಕಿಕೊಂಡರೂ ಚಕ್ಕೆ ಎದ್ದು ಹಾರುತ್ತದೆ. ಇದು ಕೈಯಲ್ಲಿ ಬಲವಿಲ್ಲದ್ದರಿಂದ ಆಗುವ ತಪ್ಪಲ್ಲ. ಮೊಂಡಾದ ಉಳಿ, ಕೊಳವೆಗೂ ಮರಕ್ಕೂ ನಡುವೆ ಅಂಟು ತಲುಪದೆ ಉಳಿದ ಜಾಗ, ಪೂರ್ತಿ ಒಣಗದ ಮರ, ಇವೇ ಸಾಮಾನ್ಯ ಕಾರಣಗಳು.

ಮೊದಲ ನಿಯಮ: ನಿಲ್ಲಿಸುವುದು

ಟಪ್ ಎಂಬ ಶಬ್ದ ಕೇಳಿದ ಕೂಡಲೇ ಯಂತ್ರ ನಿಲ್ಲಿಸಬೇಕು. "ಇನ್ನೊಂದು ಸಲ ಉಳಿ ಹಿಡಿದರೆ ಸಮ ಆದೀತು" ಎಂಬ ಆಸೆಯಿಂದ ಮುಂದುವರಿಸಿದರೆ ಚಕ್ಕೆ ಹೋದ ಜಾಗ ಇನ್ನೂ ಅಗಲವಾಗುತ್ತದೆ, ಹಾರಿದ ಚಕ್ಕೆ ಹೊಟ್ಟಿನ ರಾಶಿಯಲ್ಲಿ ಕಳೆದುಹೋಗುತ್ತದೆ. ಲೇತಿನ ಕೆಳಗೆ ಮೊದಲೇ ಹಳೆಯ ಬಿಳಿ ಬಟ್ಟೆ ಹಾಸಿದ್ದರೆ ಚಕ್ಕೆ ಹುಡುಕುವುದು ಸುಲಭ. ಸಿಕ್ಕಿದರೆ ಅರ್ಧ ಕೆಲಸ ಆದಂತೆಯೇ. ಅದನ್ನು ಅದರ ಜಾಗದಲ್ಲೇ ಕೂರಿಸಿ, ಫೆವಿಕ್ವಿಕ್‌ನಂತಹ ತೆಳು ಅಂಟನ್ನು ಒಂದೇ ಹನಿ ಬಿಟ್ಟು, ಪೂರ್ತಿ ಗಟ್ಟಿಯಾದ ಮೇಲೆ ಹರಿತವಾದ ಉಳಿಯಿಂದ ಮೆಲ್ಲನೆ ಕಡೆದರೆ ಗೆರೆಯೂ ಕಾಣುವುದಿಲ್ಲ. ಮರದ ಎಳೆಗಳು ಮತ್ತೆ ಅದೇ ಜೋಡಿಯಾಗಿ ಕೂರುವುದರಿಂದ ಇದಕ್ಕಿಂತ ಒಳ್ಳೆಯ ರಿಪೇರಿ ಬೇರೆ ಇಲ್ಲ.

ಚಕ್ಕೆ ಸಿಗದಿದ್ದರೆ ಮೂರು ದಾರಿಗಳಿವೆ. ಒಂದು, ಅದೇ ಮರದ ನಯವಾದ ಪುಡಿಯನ್ನು ಹಳ್ಳಕ್ಕೆ ತುಂಬಿ ಅಂಟು ಬಿಡುವುದು. ಅಂಟು ಕುಡಿದ ಪುಡಿ ಮರಕ್ಕಿಂತ ಕಪ್ಪಾಗಿ ಕಾಣುತ್ತದೆ ಎಂಬುದನ್ನು ಮರೆಯಬಾರದು. ಬೀಟೆಯಂತಹ ಕಪ್ಪು ಮರಕ್ಕೆ ಇದು ಹೊಂದುತ್ತದೆ, ಹಲಸಿನ ಹಳದಿಯಲ್ಲಿ ಕಲೆಯಂತೆ ಎದ್ದು ಕಾಣುತ್ತದೆ. ಎರಡು, ಮುಚ್ಚಿಡುವ ಬದಲು ಎದ್ದು ಕಾಣುವಂತೆ ಮಾಡುವುದು. ಹಳ್ಳವಿರುವ ಕಡೆ ಸುತ್ತಲೂ ಒಂದು ಕಾಲುವೆ ಕಡೆದು ಬಣ್ಣದ ಅರಗಿನಿಂದ ತುಂಬಬಹುದು. ಕರ್ನಾಟಕದ ಚನ್ನಪಟ್ಟಣದಲ್ಲೂ ಆಂಧ್ರದ ಏಟಿಕೊಪ್ಪಾಕದಲ್ಲೂ ಗೊಂಬೆ ಕಡೆಯುವವರು ತಿರುಗುವ ಮರಕ್ಕೆ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ಉಜ್ಜಾಟದ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ. ಪೆನ್ನಿನ ಗಾಯಕ್ಕೂ ಈ ಮದ್ದು ನಡೆಯುತ್ತದೆ.

ಮೂರನೆಯದು ಮರದ ಬಳೆ. ಕೊನೆಯಲ್ಲಿ ದೊಡ್ಡ ಚಕ್ಕೆ ಹೋಗಿದ್ದರೆ, ಆ ಭಾಗದ ಮರವನ್ನಷ್ಟೇ ಹಿತ್ತಾಳೆ ಕಾಣುವವರೆಗೆ ನೇರವಾಗಿ ಕಡೆದು ತೆಗೆಯಬೇಕು. ಬೇರೆ ಬಣ್ಣದ ಮರದಲ್ಲಿ 7 ಮಿ.ಮೀ. ತೂತಿನ ಬಳೆಯೊಂದನ್ನು ಮಾಡಿ, ಅಂಟು ಹಚ್ಚಿ ಅಲ್ಲಿಗೆ ತೊಡಿಸಿ, ಮತ್ತೆ ಕಡೆಯಬೇಕು. ಹಲಸಿನ ಪೆನ್ನಿಗೆ ಬೀಟೆಯ ಬಳೆ ತೊಡಿಸಿದರೆ ನೋಡುವವರು ಅದನ್ನು ಅಲಂಕಾರವೆಂದೇ ತಿಳಿಯುತ್ತಾರೆ.

ಕೊಳವೆಯನ್ನು ಬಿಡಿಸುವುದು

ಮರ ಉದ್ದಕ್ಕೆ ಸೀಳಿದ್ದರೆ ಅದನ್ನು ಬಿಟ್ಟುಬಿಡಬೇಕು, ಹಿತ್ತಾಳೆಯನ್ನು ಉಳಿಸಿಕೊಳ್ಳಬೇಕು. ಲೇತಿನ ಮೇಲೆಯೇ ಮರವನ್ನು ತೆಳುವಾಗಿ ಕಡೆದು, ಕೊನೆಯ ಪದರವನ್ನು ಉಳಿಯಿಂದಲ್ಲ, ಉಜ್ಜು ಕಾಗದದಿಂದ ತೆಗೆದರೆ ಕೊಳವೆಗೆ ಗಾಯವಾಗುವುದಿಲ್ಲ. ಉಳಿದ ಅಂಟು ಅಸಿಟೋನ್‌ನಲ್ಲಿ ನೆನೆಹಾಕಿದರೆ ಬಿಡುತ್ತದೆ. ಅರಾಲ್ಡೈಟ್ ಬಳಸಿದ್ದರೆ ಅಸಿಟೋನ್‌ಗಿಂತ ಬಿಸಿಯೇ ಮೇಲು, ಬಿಸಿ ತಗುಲಿದರೆ ಆ ಅಂಟು ಮೆತ್ತಗಾಗುತ್ತದೆ. ಅಸಿಟೋನ್ ಬೇಗ ಬೆಂಕಿ ಹಿಡಿಯುವ ದ್ರವ. ಒಲೆಯಿರುವ ಕೋಣೆಯಲ್ಲಿ ಅದರ ಮುಚ್ಚಳ ತೆಗೆಯಲೇಬಾರದು. ಕೊಳವೆ ಬಾಗಿದ್ದರೆ ಅಥವಾ ಬಾಯಿ ಚಪ್ಪಟೆಯಾಗಿದ್ದರೆ ಅದರ ಮೇಲೆ ಸಮಯ ಕಳೆಯುವುದು ಬೇಡ. ಕಿಟ್‌ನಲ್ಲಿ ಅತಿ ಅಗ್ಗದ ಭಾಗ ಅದೇ, ಬಿಡಿಯಾಗಿಯೂ ಸಿಗುತ್ತದೆ.

ಅಂಟು ಹಚ್ಚಿದ ಕೊಳವೆ ಅರ್ಧಕ್ಕೇ ಸಿಕ್ಕಿಕೊಂಡು ಒಣಗಿಬಿಡುವುದು ಇನ್ನೊಂದು ಸಾಮಾನ್ಯ ಪೇಚು. ಆಗ ಸುತ್ತಿಗೆಯಿಂದ ಹೊಡೆದರೆ ಕೊಳವೆ ಮಡಚಿಕೊಳ್ಳುತ್ತದೆ, ಮರವೂ ಸೀಳುತ್ತದೆ. ಹೊರಗೆ ಉಳಿದ ಕೊಳವೆಯನ್ನು ಮರದ ಮಟ್ಟಕ್ಕೆ ಗರಗಸದಿಂದ ಕತ್ತರಿಸಿ, ಅಂಚನ್ನು ಅರದಿಂದ ನಯ ಮಾಡಿ, ಕತ್ತರಿಸಿದ ಆ ತುಂಡನ್ನೇ ಮರದ ಮತ್ತೊಂದು ಕೊನೆಯಿಂದ ಅಂಟು ಹಚ್ಚಿ ತೂರಿಸಬೇಕು. ಪೆನ್ನಿಗೆ ಹಿತ್ತಾಳೆಯ ಆಸರೆ ಮುಖ್ಯವಾಗಿ ಬೇಕಾದದ್ದು ಎರಡು ಕೊನೆಗಳಲ್ಲಿ. ಈ ಉಪಾಯದಿಂದ ಎರಡೂ ಕೊನೆಗಳಿಗೆ ಆಸರೆ ಸಿಕ್ಕಂತಾಯಿತು, ಒಂದು ಕಾಸೂ ಖರ್ಚಾಗಲಿಲ್ಲ.

ಜೋಡಿಸಿದ ಮೇಲೆ ತಪ್ಪಾದರೆ

ತಿರುಪನ್ನು ಅಗತ್ಯಕ್ಕಿಂತ ಒಳಗೆ ಒತ್ತಿಬಿಟ್ಟರೆ ರೀಫಿಲ್‌ನ ತುದಿ ಸದಾ ಹೊರಗೇ ಇಣುಕುತ್ತದೆ, ಜೇಬಿಗೆ ಶಾಯಿ ಹತ್ತುತ್ತದೆ. ಇಕ್ಕಳದಿಂದ ಎಳೆದರೆ ತಿರುಪು ಮುರಿಯಬಹುದು. ಅದಕ್ಕೊಂದು ಕ್ರಮವಿದೆ. ಮೇಲಿನ ಭಾಗವನ್ನು ಕೈಯಿಂದ ಎಳೆದು ತೆಗೆದು, ರೀಫಿಲ್ಲನ್ನು ತಿರುಗಿಸಿ ಹೊರತೆಗೆಯಬೇಕು. ರೀಫಿಲ್ ಹೋಗುತ್ತಿದ್ದ ದಾರಿಯಲ್ಲೇ ತೆಳು ಉಕ್ಕಿನ ಕಡ್ಡಿಯೊಂದನ್ನು ಇಳಿಬಿಟ್ಟು ಮೆಲ್ಲನೆ ತಟ್ಟಿದರೆ ಮೂತಿ ಹೊರಬರುತ್ತದೆ. ಆಮೇಲೆ ಮೂತಿಯಿದ್ದ ಕಡೆಯಿಂದ, ಕೊಳವೆಯೊಳಗೆ ಸಡಿಲವಾಗಿ ಹೋಗುವ ದಪ್ಪದ ಕಡ್ಡಿ ಹಾಕಿ ತಟ್ಟಿದರೆ ತಿರುಪೂ ಬರುತ್ತದೆ. ಕ್ಲಿಪ್ ಮತ್ತು ಗುಬುಟನ್ನೂ ಹೀಗೆಯೇ ಒಳಗಿನಿಂದ ತಟ್ಟಿ ತೆಗೆಯಬಹುದು. ಕೆಳಗೆ ದಪ್ಪ ಬಟ್ಟೆ ಹಾಸಿರಬೇಕು. ಕಾಂಕ್ರೀಟ್ ನೆಲಕ್ಕೆ ಬಿದ್ದ ಮೂತಿಯ ಲೇಪ ಕಿತ್ತರೆ ಮತ್ತೆ ಹಾಕಲು ಮನೆಯಲ್ಲಿ ಉಪಾಯವಿಲ್ಲ.

ಕೊನೆ ನೇರ ಮಾಡುವಾಗ ಕೆಳಭಾಗ ಒಂದು ಮಿಲಿಮೀಟರ್ ಗಿಡ್ಡವಾಗಿದ್ದರೆ ತಿರುಪನ್ನು ಅಷ್ಟೇ ಕಡಿಮೆ ಒತ್ತಿದರಾಯಿತು, ಲೆಕ್ಕ ಸರಿಹೋಗುತ್ತದೆ. ಅದಕ್ಕಿಂತ ಹೆಚ್ಚು ಗಿಡ್ಡವಾಗಿದ್ದರೆ ಮೂತಿ ಮತ್ತು ಮರದ ನಡುವೆ ತೆಳು ಬಳೆಯೊಂದನ್ನು ಸೇರಿಸಬಹುದು. ಮರ ಅಳತೆಗಿಂತ ಕೂದಲೆಳೆಯಷ್ಟು ತೆಳುವಾಗಿದ್ದರೆ ತೆಳು ಅಂಟನ್ನೇ ಪದರ ಪದರವಾಗಿ ಹಚ್ಚಿ ದಪ್ಪ ಕೂಡಿಸಬಹುದು. ಅಂಟು ಹಚ್ಚಲು ಕಾಗದವನ್ನು ಬಳಸಬೇಕು, ಹತ್ತಿ ಬಟ್ಟೆಯನ್ನಲ್ಲ. ಈ ಅಂಟು ಹತ್ತಿಗೆ ತಗುಲಿದರೆ ಕೈ ಸುಡುವಷ್ಟು ಬಿಸಿಯಾಗುತ್ತದೆ. ಇದನ್ನು ಮಕ್ಕಳಿಗೆ ಮೊದಲ ದಿನವೇ ಹೇಳಿಕೊಡಬೇಕು. ಕಣ್ಣಿಗೆ ಕನ್ನಡಕ, ಮೂಗಿಗೆ ಮುಸುಕು, ತೆರೆದ ಕಿಟಕಿ, ಈ ಮೂರೂ ಇಲ್ಲದೆ ಕೆಲಸ ಆರಂಭಿಸಬಾರದು.

ಅಂಟಿನ ಕಥೆ

ನಮ್ಮ ಪೆನ್ನುಗಳನ್ನು ಉಳಿಸುವ ಈ ಅಂಟೇ ಒಮ್ಮೆ ಬೇಡವೆಂದು ಬಿಟ್ಟ ವಸ್ತುವಾಗಿತ್ತು. 1942ರಲ್ಲಿ, ಎರಡನೆಯ ಮಹಾಯುದ್ಧದ ಕಾಲದಲ್ಲಿ, ಅಮೆರಿಕದ ಈಸ್ಟ್‌ಮನ್ ಕೊಡಕ್ ಕಂಪನಿಯ ಹ್ಯಾರಿ ಕೂವರ್ ಎಂಬ ರಸಾಯನ ವಿಜ್ಞಾನಿಯ ತಂಡ ಬಂದೂಕಿನ ಗುರಿನೋಟಕ್ಕೆ ಬೇಕಾದ ಪಾರದರ್ಶಕ ಪ್ಲಾಸ್ಟಿಕ್ಕನ್ನು ಹುಡುಕುತ್ತಿತ್ತು. ಆಗ ಸಿಕ್ಕಿದ ಸಯನೋಅಕ್ರಿಲೇಟ್ ಎಂಬ ವಸ್ತು ಮುಟ್ಟಿದ್ದಕ್ಕೆಲ್ಲ ಅಂಟಿಕೊಳ್ಳುತ್ತಿತ್ತು. ಇದು ಕೆಲಸಕ್ಕೆ ಬಾರದು ಎಂದು ಅದನ್ನು ಬದಿಗಿಟ್ಟರು. 1951ರಲ್ಲಿ ಕೂವರ್ ಅವರ ಸಹೋದ್ಯೋಗಿ ಫ್ರೆಡ್ ಜಾಯ್ನರ್ ಅದೇ ಜಾತಿಯ ವಸ್ತುವನ್ನು ಬೆಳಕಿನ ಬಾಗುವಿಕೆ ಅಳೆಯುವ ಉಪಕರಣದಲ್ಲಿ ಪರೀಕ್ಷಿಸಿದಾಗ, ಬೆಲೆಬಾಳುವ ಆ ಉಪಕರಣದ ಎರಡು ಗಾಜಿನ ಪಟ್ಟಕಗಳು ಬಿಡಿಸಲಾರದಂತೆ ಅಂಟಿಕೊಂಡವು. ಉಪಕರಣ ಹಾಳಾಯಿತು ಎಂದು ಕೊರಗುತ್ತ ಕೂರದೆ, ಕಾಯಿಸದೆ ಒತ್ತದೆ ಇಷ್ಟು ಬಿಗಿಯಾಗಿ ಹಿಡಿಯುವ ವಸ್ತು ಒಳ್ಳೆಯ ಅಂಟಾಗಬಲ್ಲದು ಎಂದು ಕೂವರ್ ಕಂಡುಕೊಂಡರು. 1958ರಲ್ಲಿ ಅದು 'ಈಸ್ಟ್‌ಮನ್ 910' ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ಇಂದು ಊರಿನ ಪ್ರತಿ ಅಂಗಡಿಯಲ್ಲಿ ತೂಗಾಡುವ ಪುಟ್ಟ ಟ್ಯೂಬುಗಳಲ್ಲಿರುವುದು ಅದರ ವಂಶದ ಅಂಟೇ.

ಯಾವುದನ್ನು ಉಳಿಸಬಾರದು?

ಉಳಿಸುವ ಉತ್ಸಾಹಕ್ಕೂ ಒಂದು ಮಿತಿ ಇರಬೇಕು. ಉದ್ದಕ್ಕೆ ಬಿರುಕು ಬಿಟ್ಟ ಮರವನ್ನು ಮತ್ತೆ ಲೇತಿಗೆ ಏರಿಸಿದರೆ ಅದು ತುಂಡಾಗಿ ಮುಖಕ್ಕೆ ಹಾರಬಹುದು. ಒಂದು ಪೆನ್ನಿಗಿಂತ ಕಣ್ಣು ದೊಡ್ಡದು. ಒಳಗೆ ಪುಡಿಪುಡಿಯಾದ, ಹುಳು ತಿಂದ ಮರವನ್ನೂ ಬಿಡಬೇಕು. ಕಣಗಿಲೆಯ ಮರ ವಿಷ, ಅದನ್ನು ಕಡೆಯುವುದಾಗಲಿ ಅದರ ಪುಡಿಯನ್ನು ಉಸಿರಾಡುವುದಾಗಲಿ ಕೂಡದು.

ಹಸಿ ಮರದ ಪೆನ್ನೂ ಇದೇ ಪಟ್ಟಿಗೆ ಸೇರುತ್ತದೆ. ಕಾಸರಗೋಡಿನಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಮೀರಿ ಮಳೆ ಬೀಳುತ್ತದೆ, ಸೊಲ್ಲಾಪುರದಲ್ಲಿ ಅದರ ಸುಮಾರು ಕಾಲುಭಾಗ ಮಾತ್ರ. ಮಳೆಗಾಲದಲ್ಲಿ ಅಲ್ಲಿ ಕಡೆದ ಪೆನ್ನು ಬೇಸಿಗೆಯಲ್ಲಿ ಇಲ್ಲಿನ ನೆಂಟರ ಜೇಬು ಸೇರಿದರೆ, ಮರ ಒಣಗಿ ಕುಗ್ಗುತ್ತದೆ, ಒಳಗಿನ ಹಿತ್ತಾಳೆ ಕುಗ್ಗುವುದಿಲ್ಲ, ಮರ ಬಿರಿಯುತ್ತದೆ. ಮರ ಇನ್ನೂ ಕುಗ್ಗುತ್ತಿರುವಾಗ ಬಿರುಕಿಗೆ ಅಂಟು ತುಂಬಿ ಪ್ರಯೋಜನವಿಲ್ಲ, ಪಕ್ಕದಲ್ಲಿ ಇನ್ನೊಂದು ಬಿರುಕು ಬರುತ್ತದೆ. ಲೋಹದ ಭಾಗಗಳನ್ನು ಬಿಡಿಸಿಕೊಂಡು ಹೊಸ ಮರ ಹಾಕುವುದೇ ಸರಿ. ಮುಂದಿನ ಸಲ ಮರದ ತುಂಡನ್ನು ವಾರಕ್ಕೊಮ್ಮೆ ಅಡುಗೆಮನೆಯ ಚಿಕ್ಕ ತಕ್ಕಡಿಯಲ್ಲಿ ತೂಗಿ ಬರೆದಿಡಿ. ತೂಕ ಇಳಿಯುವುದು ನಿಂತ ಮೇಲೆ ಕಡೆಯಿರಿ.

ರಿಪೇರಿಯೂ ಪ್ರಾಮಾಣಿಕತೆಯೂ

ಇಲ್ಲಿ ಇನ್ನೊಂದು ಮಾತನ್ನು ಹೇಳದೆ ಇರಲಾಗದು. ರಿಪೇರಿಯಲ್ಲಿ ಎರಡು ವಿಧ. ಪೆನ್ನನ್ನು ನಿಜವಾಗಿಯೂ ಗಟ್ಟಿ ಮಾಡುವ ರಿಪೇರಿ ಒಂದು, ದುರ್ಬಲತೆಯನ್ನು ಹೊಳಪಿನ ಕೆಳಗೆ ಅಡಗಿಸುವ ರಿಪೇರಿ ಇನ್ನೊಂದು. ಮರದ ಬಳೆ ತೊಡಿಸಿದ ಪೆನ್ನು ಮೊದಲಿನಷ್ಟೇ ಗಟ್ಟಿ, ಧೈರ್ಯವಾಗಿ ಮಾರಬಹುದು. ಆದರೆ ಬಿರುಕಿನ ಮೇಲೆ ಅಂಟು ಸವರಿ, ಹೊಳಪು ಕೊಟ್ಟು, ಹೊಸದೆಂದು ಕೊಟ್ಟರೆ ಕೊಂಡವರ ಕೈಯಲ್ಲಿ ಅದು ಆರು ತಿಂಗಳಲ್ಲಿ ಒಡೆಯುತ್ತದೆ. ಆಗ ಪೆನ್ನಿನ ಜೊತೆ ಮಾಡಿದವರ ಹೆಸರೂ ಒಡೆಯುತ್ತದೆ. ನಮ್ಮಂತಹ ಚಿಕ್ಕ ಊರುಗಳಲ್ಲಿ ಮನೆಗೆಲಸದಿಂದ ಗಳಿಸುವವರಿಗೆ ಹೆಸರೇ ಬಂಡವಾಳ. ಮಾರುವ ಮುನ್ನ, "ಇಲ್ಲಿ ಸ್ವಲ್ಪ ಕಿತ್ತುಹೋಗಿತ್ತು, ಹೀಗೆ ಸರಿಪಡಿಸಿದ್ದೇವೆ" ಎಂದು ತೋರಿಸಿ ಹೇಳಿದರೆ ಗಿರಾಕಿ ದೂರವಾಗುವುದಿಲ್ಲ. ಬೇರೆ ಪೆನ್ನುಗಳ ಬಗ್ಗೆಯೂ ಅವರಿಗೆ ನಂಬಿಕೆ ಬರುತ್ತದೆ. ಹೇಳಲು ಮನಸ್ಸು ಹಿಂಜರಿದರೆ ಆ ಪೆನ್ನು ಮಾರುವಂಥದ್ದಲ್ಲ ಎಂದೇ ಅರ್ಥ. ಅದನ್ನು ಮನೆಯಲ್ಲಿ ಹಾಲಿನ ಲೆಕ್ಕ ಬರೆಯಲು ಇಟ್ಟುಕೊಳ್ಳೋಣ.

ಒಂಟಿ ತುಂಡುಗಳ ಡಬ್ಬಿ

ಪೆನ್ನಿನ ಕೆಳಭಾಗ ಒಡೆದು ಮೇಲಿನ ಭಾಗ ಚೆನ್ನಾಗಿ ಉಳಿದರೆ ಏನು ಮಾಡುವುದು? ಅದೇ ಮರದ ಎಳೆಗೆ ಹೊಂದುವ ಇನ್ನೊಂದು ತುಂಡು ಸಿಗುವುದು ಕಷ್ಟ. ಹೊಂದಿಸಲು ಹೋಗದೆ, ಬೇಕೆಂದೇ ಬೇರೆ ಬಣ್ಣದ ಮರದಲ್ಲಿ ಕೆಳಭಾಗ ಮಾಡಿದರೆ ಎರಡು ಬಣ್ಣದ ಅಂದದ ಪೆನ್ನಾಗುತ್ತದೆ. ಹೀಗೆ ಒಂಟಿಯಾಗಿ ಉಳಿದವನ್ನು ಒಂದು ಡಬ್ಬಿಯಲ್ಲಿ ಕೂಡಿಡಬೇಕು. ಗೀರು ಬಿದ್ದ ಮೂತಿ, ಸಡಿಲವಾದ ತಿರುಪು ಕಲಿಯುವವರ ಅಭ್ಯಾಸಕ್ಕೆ. ಒಳ್ಳೆಯ ರೀಫಿಲ್ ಮುಂದಿನ ಪೆನ್ನಿಗೆ. ಗಿಡ್ಡ ಮರದ ತುಂಡು ಕೀಲಿಗೊಂಚಲಿಗೆ, ಸರದ ಮಣಿಗೆ, ಕ್ರೋಶೆ ಕಡ್ಡಿಯ ಹಿಡಿಗೆ, ಕಪಾಟಿನ ಗುಬುಟಿಗೆ.

ಪ್ರತಿ ತುಂಡಿನೊಂದಿಗೆ ಚಿಕ್ಕ ಚೀಟಿಯನ್ನೂ ಇಡುವುದು ಒಳ್ಳೆಯದು. ಯಾವ ಮರ, ಯಾವ ದಿನ, ಏಕೆ ಕೆಟ್ಟಿತು ಎಂದು ಮೂರು ಸಾಲು ಸಾಕು. "ಉಳಿ ಮೊಂಡಾಗಿತ್ತು", "ಅಂಟು ಒಳಗೆ ತಲುಪಿರಲಿಲ್ಲ", "ಮರ ಹಸಿ ಇತ್ತು". ಹತ್ತು ಚೀಟಿಗಳನ್ನು ಒಟ್ಟಿಗೆ ಓದಿದಾಗ ಒಂದೇ ಕಾರಣ ಏಳು ಸಲ ಬಂದಿದ್ದರೆ, ತಿದ್ದಬೇಕಾದದ್ದು ಯಾವುದೆಂದು ಬೇರೆ ಯಾರೂ ಹೇಳಬೇಕಾಗಿಲ್ಲ.

ತಂದೆತಾಯಂದಿರಿಗೆ ಒಂದು ಮಾತು. ಮಗ ಅಥವಾ ಮಗಳು ಲೇತಿನ ಮುಂದೆ ಒಡೆದ ತುಂಡು ಹಿಡಿದು ನಿಂತಾಗ "ದುಡ್ಡು ಹಾಳು ಮಾಡಿದೆ" ಎಂದು ಗದರಿದರೆ, ಮುಂದಿನ ತುಂಡನ್ನು ಅವರು ನಿಮಗೆ ತೋರಿಸುವುದಿಲ್ಲ, ಅಡಗಿಸುತ್ತಾರೆ. ಅದರ ಬದಲು ಪಕ್ಕದಲ್ಲಿ ಕುಳಿತು, "ಬಾ, ಇದರಲ್ಲಿ ಏನೇನು ಉಳಿದಿದೆ ನೋಡೋಣ" ಎಂದರೆ ಸಾಕು. ಮೂತಿ, ತಿರುಪು, ಉಂಗುರ, ಕ್ಲಿಪ್, ಗುಬುಟು, ರೀಫಿಲ್, ಎರಡು ಕೊಳವೆ ಎಂದು ಮಕ್ಕಳೇ ಒಂದೊಂದಾಗಿ ಮೇಜಿನ ಮೇಲೆ ಇಡಲಿ. ಹೋದದ್ದು ಬೆರಳುದ್ದದ ಮರ ಮಾತ್ರ ಎಂದು ಅವರ ಕಣ್ಣಿಗೇ ಕಾಣುತ್ತದೆ. ಆಮೇಲೆ ಹೊಸ ತುಂಡನ್ನು ಅವರೇ ಆರಿಸಿಕೊಳ್ಳುತ್ತಾರೆ.